ಕೊಬ್ಬರಿ ಎಣ್ಣೆ ಗಾಣಕ್ಕೆ 16 ಲಕ್ಷದ ಎಕ್ಸ್‌ಪೆಲ್ಲರ್ ಹಾಕಬಹುದಾ? ದಯವಿಟ್ಟು ಲೆಕ್ಕ ನೋಡಿ ಹೇಳಿ

ಕಲ್ಪತರು_ಗಾಣ:

ಎಲ್ಲರಿಗೂ ನಮಸ್ಕಾರ. ನಮ್ಮದು ತಿಪಟೂರಿಗೂ ಅರಸೀಕೆರೆಗೂ ನಡುವೆ ಒಂದು ಹಳ್ಳಿ. ಆರು ವರ್ಷದಿಂದ ಎರಡು ಮರದ ಗಾಣ ನಡೆಸುತ್ತಿದ್ದೇನೆ. ಒಂದು ಗಾಣಕ್ಕೆ ಒಂದು ಸಲಕ್ಕೆ 12 ಕೆಜಿ ಕೊಬ್ಬರಿ ಹಿಡಿಸುತ್ತದೆ. ಎಣ್ಣೆಯನ್ನು ಬಾಟಲಿಗೆ ತುಂಬಿ ತುಮಕೂರಿನ ನಾಲ್ಕು ಅಂಗಡಿಗೆ ಹಾಕುತ್ತೇನೆ. ಬೆಂಗಳೂರಿನಲ್ಲಿ ಗೊತ್ತಿರುವ ಮನೆಗಳಿಗೂ ಕಳಿಸುತ್ತೇನೆ. ಎರಡು ವರ್ಷದಿಂದ ಕೇಳಿದಷ್ಟು ಎಣ್ಣೆ ಕೊಡಲು ಆಗುತ್ತಿಲ್ಲ.

ಹಾಗಾಗಿ ಒಂದು ಎಕ್ಸ್‌ಪೆಲ್ಲರ್, ಅಂದರೆ ಕರೆಂಟಿನಲ್ಲಿ ಓಡುವ ಎಣ್ಣೆ ಹಿಂಡುವ ಯಂತ್ರ, ಹಾಕಬೇಕೆಂದು ಆಸೆ. ಎಕ್ಸ್‌ಪೆಲ್ಲರ್, ಫಿಲ್ಟರ್ ಪ್ರೆಸ್, ಕೊಬ್ಬರಿ ಕಟರ್ ಸೇರಿ 11 ಲಕ್ಷಕ್ಕೆ ಕೊಟೇಶನ್ ಬಂದಿದೆ. ಶೆಡ್ ದೊಡ್ಡದು ಮಾಡಿ ಫೌಂಡೇಶನ್ ಹಾಕಲು 3 ಲಕ್ಷ. ತ್ರೀ ಫೇಸ್ ಕರೆಂಟು, ಪ್ಯಾನೆಲ್ ಬೋರ್ಡಿಗೆ ಒಂದೂವರೆ ಲಕ್ಷ. ಕೂರಿಸಿ ಓಡಿಸಿ ನೋಡುವುದಕ್ಕೆ 50 ಸಾವಿರ. ಒಟ್ಟು 16 ಲಕ್ಷ.

ಯಂತ್ರ ಮಾರುವವರು ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟರು. ದಿನಕ್ಕೆ 10 ಕ್ವಿಂಟಲ್ ಕೊಬ್ಬರಿ, ವರ್ಷಕ್ಕೆ 300 ದಿನ, ಕ್ವಿಂಟಲ್‌ಗೆ ಎಲ್ಲ ಖರ್ಚು ಕಳೆದು 500 ರೂಪಾಯಿ. ಅಂದರೆ ವರ್ಷಕ್ಕೆ 15 ಲಕ್ಷ. 13 ತಿಂಗಳಲ್ಲಿ ಹಾಕಿದ ದುಡ್ಡು ವಾಪಸ್ ಎನ್ನುತ್ತಾರೆ. ನನ್ನ ತಮ್ಮ ಬಿ.ಕಾಂ ಓದಿದವನು. ಅವನು "ಅಕ್ಕಾ, ಇದನ್ನ ನಂಬಬೇಡ, ಎನ್‌ಪಿವಿ ತೆಗೆಸು" ಎನ್ನುತ್ತಾನೆ. ನಮ್ಮೆಜಮಾನರು ನಿನಗೆ ಬಿಟ್ಟಿದ್ದು ಎಂದುಬಿಟ್ಟಿದ್ದಾರೆ. ಪ್ರಾಜೆಕ್ಟ್ ರಿಪೋರ್ಟಿಗೆ ಆಗಲೇ 15 ಸಾವಿರ ಕೊಟ್ಟಾಗಿದೆ, ಈಗ ಬಿಟ್ಟರೆ ಅದು ದಂಡ.

ನನಗೆ ದಿನದ ಲೆಕ್ಕ ಬರೆಯುವ ಅಭ್ಯಾಸ ಇದೆ. ಆದರೆ ಈ ತರಹ ಮುಂದಿನ ವರ್ಷಗಳ ಲೆಕ್ಕ ಹಾಕಿ ಗೊತ್ತಿಲ್ಲ. ಯಾರಾದರೂ ತಿಳಿದವರು ದಾರಿ ತೋರಿಸಿ.

ಲೆಕ್ಕದ_ಪುಸ್ತಕ:

ಅಕ್ಕಾ, ನಾನು ತುಮಕೂರಿನಲ್ಲಿ ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುತ್ತೇನೆ. ನಿಮ್ಮ ತಮ್ಮ ಹೇಳಿದ್ದು ಸರಿ.

13 ತಿಂಗಳು ಎಂಬುದು ಪೇಬ್ಯಾಕ್ ಲೆಕ್ಕ. ಅಸಲು ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂದು ಮಾತ್ರ ಅದು ಹೇಳುತ್ತದೆ. ಆಮೇಲೆ ಏನಾಗುತ್ತದೆ ಎನ್ನುವುದು ಅದರಲ್ಲಿ ಬರುವುದಿಲ್ಲ. ಮೂರು ವರ್ಷ ಬಿಟ್ಟು ಬರುವ ರೂಪಾಯಿಗೂ ಇವತ್ತಿನ ರೂಪಾಯಿಗೂ ಅದು ಒಂದೇ ಬೆಲೆ ಕಟ್ಟುತ್ತದೆ.

ಎನ್‌ಪಿವಿ ಅಂದರೆ ಮುಂದೆ ಬರುವ ಪ್ರತಿ ವರ್ಷದ ನಗದನ್ನು ಇವತ್ತಿನ ಬೆಲೆಗೆ ಇಳಿಸಿ ಕೂಡಿ, ಅದರಲ್ಲಿ ಇವತ್ತು ಹಾಕುವ ದುಡ್ಡು ಕಳೆಯುವುದು. ಉಳಿದರೆ ಹಾಕಬಹುದು, ಮೈನಸ್ ಆದರೆ ಬೇಡ. ಇಳಿಸಲು ಒಂದು ಬಡ್ಡಿ ದರ ಬೇಕು. ನಿಮಗೆ ಬ್ಯಾಂಕ್ ಸಾಲ 11 ಪರ್ಸೆಂಟ್‌ಗೆ ಸಿಗುತ್ತದೆ ಎಂದುಕೊಳ್ಳೋಣ. ನಿಮ್ಮ ಕೈಯಿಂದ ಹಾಕುವ ದುಡ್ಡಿಗೆ ಅಪಾಯ ಇನ್ನೂ ಜಾಸ್ತಿ, ಅದಕ್ಕೆ 13 ಇಟ್ಟುಕೊಳ್ಳಿ. 13ರಲ್ಲಿ ಒಂದು ವರ್ಷ ಬಿಟ್ಟು ಬರುವ 100 ರೂಪಾಯಿ ಇವತ್ತಿಗೆ 88.50. ಮೂರು ವರ್ಷಕ್ಕೆ 69.30. ಎಂಟು ವರ್ಷಕ್ಕೆ 37.60 ಅಷ್ಟೇ.

ರಿಪೋರ್ಟಿಗೆ ಕೊಟ್ಟ 15 ಸಾವಿರ ಮರೆತುಬಿಡಿ. ಯಂತ್ರ ಹಾಕಿದರೂ ಹಾಕದಿದ್ದರೂ ಅದು ಹೋದ ದುಡ್ಡು. ಈಗ ಗಾಣದಿಂದ ಬರುತ್ತಿರುವ ಲಾಭವನ್ನೂ ಇದಕ್ಕೆ ಸೇರಿಸಬೇಡಿ. ಯಂತ್ರ ಬಂದ ಮೇಲೆ ಹೊಸದಾಗಿ ಬರುವ, ಹೊಸದಾಗಿ ಹೋಗುವ ನಗದು ಮಾತ್ರ ಬರೆಯಿರಿ. ಸವಕಳಿ, ಅಂದರೆ ಯಂತ್ರ ಹಳೆಯದಾದ ಹಾಗೆ ಪುಸ್ತಕದಲ್ಲಿ ಇಳಿಸುವ ಬೆಲೆ, ಬೇಡ, ಅದು ಜೇಬಿನಿಂದ ಹೋಗುವ ದುಡ್ಡಲ್ಲ. ತೆರಿಗೆ ಕಟ್ಟುವಾಗ ಮಾತ್ರ ಅದರಿಂದ ಉಪಯೋಗ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಬೀಳುವುದಿಲ್ಲವಾದ್ದರಿಂದ ನಿಮ್ಮ ಲೆಕ್ಕದಲ್ಲಿ ಸದ್ಯ ತೆರಿಗೆ ಬಿಡಬಹುದು.

ಅಂಕಿ ಕೊಡಿ, ನಾನು ಹಾಕಿಕೊಡುತ್ತೇನೆ.

ಹಳೇ_ಮಿಲ್:

ತಾಯಿ, ನಾನು ಚಳ್ಳಕೆರೆಯವನು, ವಯಸ್ಸು 64. ನಿಮ್ಮ ಪ್ರಶ್ನೆ ಓದಿ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಉದ್ದ ಆದರೆ ಬೇಸರ ಮಾಡಿಕೊಳ್ಳಬೇಡಿ.

ನಮ್ಮೂರಿಗೆ ಎಣ್ಣೆ ನಗರ ಎಂದೇ ಹೆಸರಿತ್ತು. ರಸ್ತೆಯಲ್ಲಿ ನಡೆದರೆ ಶೇಂಗಾ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ನಮ್ಮಪ್ಪನದ್ದೂ ಒಂದು ಮಿಲ್. 1996ರಲ್ಲಿ ಅವರು ಸಾಲ ಮಾಡಿ ಎರಡನೇ ಜೊತೆ ಎಕ್ಸ್‌ಪೆಲ್ಲರ್ ಹಾಕಿದರು. ಲೆಕ್ಕ ನಿಮ್ಮ ಹಾಳೆಯ ತರಹವೇ ಇತ್ತು. ದಿನಕ್ಕೆ ಇಷ್ಟು, ವರ್ಷಕ್ಕೆ ಇಷ್ಟು ದಿನ, ಎರಡು ವರ್ಷಕ್ಕೆ ಅಸಲು. ಯಂತ್ರ ಒಳ್ಳೆಯದೇ. ಒಂದು ದಿನವೂ ಕೈ ಕೊಡಲಿಲ್ಲ.

ಕೈ ಕೊಟ್ಟಿದ್ದು ಶೇಂಗಾ ಕೊಳ್ಳುವ ದುಡ್ಡು. ಕಾಯಿ ಮಾರುಕಟ್ಟೆಗೆ ಬರುವುದು ಸುಗ್ಗಿಯ ಎರಡು ಮೂರು ತಿಂಗಳು. ಆಗ ಕೊಂಡು ತುಂಬಿಕೊಂಡರೆ ವರ್ಷ ಪೂರ್ತಿ ಮಿಲ್ ಓಡುತ್ತದೆ. ಯಂತ್ರ ಎರಡರಷ್ಟಾದ ಮೇಲೆ ಕಾಯಿಯೂ ಎರಡರಷ್ಟು ಬೇಕಲ್ವಾ? ಕೈಯಲ್ಲಿದ್ದ ದುಡ್ಡೆಲ್ಲ ಯಂತ್ರಕ್ಕೆ, ಕಟ್ಟಡಕ್ಕೆ ಸುರಿದಾಗಿತ್ತು. ಮಂಡಿಯವರ ಹತ್ತಿರ ತಿಂಗಳಿಗೆ 2 ರೂಪಾಯಿ ಬಡ್ಡಿಗೆ ತಂದರು. ಇತ್ತ ಎಣ್ಣೆ ಕೊಂಡ ಅಂಗಡಿಯವರು ಉದ್ರಿ ಹೇಳಿ 45 ದಿನಕ್ಕೆ ದುಡ್ಡು ಕೊಡುತ್ತಿದ್ದರು. ಅಷ್ಟೊತ್ತಿಗೆ 1994ರಲ್ಲಿ ಪಾಮೋಲಿನ್ (ತಾಳೆ ಎಣ್ಣೆ) ಆಮದು ಬಿಟ್ಟಿದ್ದರಿಂದ ಅಗ್ಗದ ಎಣ್ಣೆ ಬಂದು ಶೇಂಗಾ ಎಣ್ಣೆ ಬೆಲೆ ಏರಲೇ ಇಲ್ಲ. ಹೊಸ ಎಕ್ಸ್‌ಪೆಲ್ಲರ್ ವರ್ಷಕ್ಕೆ 90 ದಿನ ಓಡಿದರೆ ಹೆಚ್ಚು. 2003ರಲ್ಲಿ ಬಾಗಿಲು ಹಾಕಿದೆವು. ಹೊಸ ಯಂತ್ರವನ್ನು ಗುಜರಿ ತೂಕಕ್ಕೆ ಕೊಟ್ಟ ದಿನ ಅಪ್ಪ ಮಾತಾಡಲಿಲ್ಲ.

ನಿಮ್ಮ ಹಾಳೆಯಲ್ಲಿ ಕೊಬ್ಬರಿಗೆ ದುಡ್ಡು ಎಲ್ಲಿದೆ? ತಿಂಗಳಿಗೆ 100 ಕ್ವಿಂಟಲ್ ಆಡಿಸುತ್ತೀರಿ ಎಂದುಕೊಳ್ಳಿ. ಕೊಬ್ಬರಿ ಕೊಂಡು, ಎಣ್ಣೆ ಮಾಡಿ, ಅಂಗಡಿಗೆ ಹಾಕಿ ದುಡ್ಡು ಕೈಗೆ ಬರುವುದಕ್ಕೆ ಒಂದು ತಿಂಗಳು ಬೇಕೇ ಬೇಕು. ರೈತ ನಿಮ್ಮನ್ನು ಕಾಯುವುದಿಲ್ಲ, ಅವನಿಗೆ ಅವತ್ತೇ ದುಡ್ಡು. 2024ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 12 ಸಾವಿರ. ಆ ಲೆಕ್ಕದಲ್ಲಿ 12 ಲಕ್ಷ ಸದಾ ಕೊಬ್ಬರಿಯಲ್ಲಿ, ಎಣ್ಣೆಯಲ್ಲಿ, ಉದ್ರಿಯಲ್ಲಿ ಸಿಕ್ಕಿಕೊಂಡಿರುತ್ತದೆ. 2025ರಲ್ಲಿ ನಿಮ್ಮ ತಿಪಟೂರಿನಲ್ಲೇ 25 ಸಾವಿರ ದಾಟಲಿಲ್ವಾ? ಆಗ ಅದೇ 100 ಕ್ವಿಂಟಲ್‌ಗೆ 25 ಲಕ್ಷ. ನಿಮ್ಮ ಯಂತ್ರ, ಶೆಡ್ಡು, ಕರೆಂಟು ಎಲ್ಲ ಸೇರಿದ್ದಕ್ಕಿಂತ ಜಾಸ್ತಿ.

ಇನ್ನು ಎರಡು ಪ್ರಶ್ನೆ. ನಿಮ್ಮ ಗಾಣ ಕಳೆದ ವರ್ಷ ನಿಜವಾಗಿ ಎಷ್ಟು ದಿನ ಓಡಿತು? ಪುಸ್ತಕ ತೆಗೆದು ನೋಡಿ, ಅಂದಾಜು ಬೇಡ. ಎರಡನೆಯದು, ನಿಮ್ಮ ಕೂಲಿ ಎಷ್ಟು ಹಿಡಿದಿದ್ದೀರಿ? ಮನೆಯವರ ದುಡಿಮೆಗೆ ಬೆಲೆ ಹಾಕದೆ ಲಾಭ ತೋರಿಸುವ ಲೆಕ್ಕ ನಾನು ಬೇಕಾದಷ್ಟು ನೋಡಿದ್ದೇನೆ. ನಮ್ಮಮ್ಮ 20 ವರ್ಷ ಮಿಲ್ಲಿನಲ್ಲಿ ಶೇಂಗಾ ಆರಿಸಿದರು. ಯಾವ ಪುಸ್ತಕದಲ್ಲೂ ಅವರ ಹೆಸರಿಲ್ಲ.

ಕಲ್ಪತರು_ಗಾಣ:

ಇಬ್ಬರಿಗೂ ತುಂಬಾ ಧನ್ಯವಾದ. ಹಳೇ ಮಿಲ್ ಅಣ್ಣ, ನೀವು ಬರೆದಿದ್ದನ್ನು ನಮ್ಮೆಜಮಾನರಿಗೂ ಓದಿ ಹೇಳಿದೆ.

ಪುಸ್ತಕ ನೋಡಿದೆ. ಕಳೆದ ವರ್ಷ ಗಾಣ ಓಡಿದ್ದು 212 ದಿನ. ನನಗೆ 270 ದಿನ ಎನ್ನುವ ಭಾವನೆ ಇತ್ತು! ಮಳೆಗಾಲದಲ್ಲಿ ಕೊಬ್ಬರಿ ಒಣಗದೆ 30 ದಿನ ನಿಂತಿದೆ. ಮಿಕ್ಕಿದ್ದು ಕರೆಂಟು, ಹಬ್ಬ, ಮದುವೆ, ಕೊಬ್ಬರಿ ಸಿಗದೇ ಇದ್ದದ್ದು. ನನ್ನ ಕೂಲಿ ಹಾಕಿರಲಿಲ್ಲ, ನಿಜ.

ನನ್ನ ಅಂಕಿ ಹೀಗಿದೆ. ಎಣ್ಣೆ, ಹಿಂಡಿ ಮಾರಿದ್ದರಲ್ಲಿ ಕೊಬ್ಬರಿ ಬೆಲೆ ಕಳೆದರೆ ಕ್ವಿಂಟಲ್‌ಗೆ ಸುಮಾರು 1,000 ರೂಪಾಯಿ ಉಳಿಯುತ್ತದೆ. ಅದರಲ್ಲಿ ಕರೆಂಟು 120, ಡಬ್ಬ ಮತ್ತು ಸಾಗಣೆ 180 ಹೋದರೆ 700. ಇಬ್ಬರು ಆಳಿಗೆ ವರ್ಷಕ್ಕೆ 3.6 ಲಕ್ಷ, ರಿಪೇರಿಗೆ 60 ಸಾವಿರ, ಇನ್ಶೂರೆನ್ಸ್, ಲೈಸೆನ್ಸ್, ಲೆಕ್ಕಪತ್ರಕ್ಕೆ 40 ಸಾವಿರ. ನನ್ನ ಕೂಲಿ ತಿಂಗಳಿಗೆ 20 ಸಾವಿರ ಹಿಡಿದರೆ 2.4 ಲಕ್ಷ. ಒಟ್ಟು 7 ಲಕ್ಷ. ಕೊಬ್ಬರಿ ಮೊದಲ ವರ್ಷ 1,200 ಕ್ವಿಂಟಲ್, ಎರಡನೇ ವರ್ಷ 1,600, ಆಮೇಲೆ 2,000. ಎಂಟು ವರ್ಷ ಆದ ಮೇಲೆ ಯಂತ್ರ 3 ಲಕ್ಷಕ್ಕೆ ಹೋಗಬಹುದು.

ಲೆಕ್ಕದ_ಪುಸ್ತಕ:

ಅಕ್ಕಾ, ಇಷ್ಟು ಚೊಕ್ಕವಾಗಿ ಅಂಕಿ ಕೊಡುವವರು ನನ್ನ ಆಫೀಸಿಗೆ ಬರುವವರಲ್ಲೂ ಕಡಿಮೆ.

ವರ್ಷದ ನಗದು ಹೀಗೆ ಬರುತ್ತದೆ. ಮೊದಲ ವರ್ಷ 8.4 ಲಕ್ಷದಲ್ಲಿ 7 ಕಳೆದರೆ 1.4 ಲಕ್ಷ. ಎರಡನೇ ವರ್ಷ 4.2. ಮೂರರಿಂದ ಎಂಟನೇ ವರ್ಷದವರೆಗೆ 7 ಲಕ್ಷ.

ಕೊಬ್ಬರಿಗೆ ಸಿಕ್ಕಿಕೊಳ್ಳುವ ದುಡ್ಡನ್ನು ಬಿಟ್ಟು ಹಾಕಿದೆ. 16 ಲಕ್ಷ ಹಾಕಿ, 13 ಪರ್ಸೆಂಟ್‌ನಲ್ಲಿ ಎನ್‌ಪಿವಿ ಸುಮಾರು ಹನ್ನೊಂದೂವರೆ ಲಕ್ಷ ಪ್ಲಸ್. ನೋಡಿದರೆ ಸಂತೋಷ ಆಗುತ್ತದೆ.

ಈಗ ಹಳೇ ಮಿಲ್ ಅವರು ಹೇಳಿದ್ದನ್ನು ಸೇರಿಸಿದೆ. ಒಂದು ತಿಂಗಳ ಕೊಬ್ಬರಿ, 12 ಸಾವಿರದ ಬೆಲೆ. ಶುರುವಿಗೆ 12 ಲಕ್ಷ, ಓಟ ಹೆಚ್ಚಿದ ಹಾಗೆ ಮೊದಲ ವರ್ಷದ ಕೊನೆಗೆ ಇನ್ನೂ 4, ಎರಡನೇ ವರ್ಷದ ಕೊನೆಗೆ ಇನ್ನೂ 4. ಎಂಟನೇ ವರ್ಷ ವ್ಯಾಪಾರ ನಿಲ್ಲಿಸಿದರೆ ಆ 20 ಲಕ್ಷವೂ ವಾಪಸ್ ಬರುತ್ತದೆ ಎಂದೇ ಹಿಡಿದಿದ್ದೇನೆ. ಆದರೂ ಎನ್‌ಪಿವಿ ಬರೀ 42 ಸಾವಿರಕ್ಕೆ ಇಳಿಯಿತು. ದುಡ್ಡು ವಾಪಸ್ ಬಂದರೂ ಎಂಟು ವರ್ಷ ಕೂತಿದ್ದಕ್ಕೆ ಬೆಲೆ ಇದೆ, ಅದೇ ಇಲ್ಲಿ ತಿಂದಿದ್ದು.

25 ಸಾವಿರದ ಬೆಲೆ ಹಾಕಿ, ಕ್ವಿಂಟಲ್‌ಗೆ ಉಳಿಯುವ 700 ಹಾಗೇ ಇಟ್ಟೆ. ಸುಮಾರು ಹನ್ನೊಂದೂವರೆ ಲಕ್ಷ ಮೈನಸ್. ಯಂತ್ರ ಅದೇ, ಓಡಿದ ದಿನ ಅದೇ. ಕೊಬ್ಬರಿ ರೇಟು ಒಂದೇ ಬದಲಾಗಿದ್ದು.

ನಿಮ್ಮ ತಮ್ಮನಿಗೆ ಒಂದು ಮಾತು ಹೇಳಿ. ಎಕ್ಸೆಲ್‌ನ ಎನ್‌ಪಿವಿ ಸೂತ್ರ ಮೊದಲ ಅಂಕಿಯನ್ನು ಒಂದು ವರ್ಷದ ಕೊನೆಯಲ್ಲಿ ಬಂದದ್ದು ಎಂದುಕೊಳ್ಳುತ್ತದೆ. ಇವತ್ತು ಹಾಕುವ 28 ಲಕ್ಷವನ್ನು ಸೂತ್ರದ ಒಳಗೆ ಸೇರಿಸಬಾರದು, ಹೊರಗೆ ಕಳೆಯಬೇಕು. ನಾನೂ ಶುರುವಿನಲ್ಲಿ ಒಳಗೇ ಹಾಕಿ ಒಬ್ಬರಿಗೆ ತಪ್ಪು ಲೆಕ್ಕ ಕೊಟ್ಟಿದ್ದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಸಾಲದ_ಮೇಜು:

ನಾನು 31 ವರ್ಷ ಬ್ಯಾಂಕಿನಲ್ಲಿದ್ದು ನಿವೃತ್ತನಾದವನು, ಹೆಚ್ಚು ಕಾಲ ಸಣ್ಣ ಉದ್ದಿಮೆ ಸಾಲದ ಕೆಲಸ. ಬ್ಯಾಂಕು ಇದನ್ನು ಹೇಗೆ ನೋಡುತ್ತದೆ ಎಂದು ಹೇಳುತ್ತೇನೆ.

16ರಲ್ಲಿ 12 ಲಕ್ಷ ಸಾಲ, 11 ಪರ್ಸೆಂಟ್, ಐದು ವರ್ಷ ಅಂದರೆ ತಿಂಗಳ ಕಂತು ಸುಮಾರು 26,100. ವರ್ಷಕ್ಕೆ 3.13 ಲಕ್ಷ. ನಿಮ್ಮ ಮೊದಲ ವರ್ಷದ ನಗದು 1.4 ಲಕ್ಷ. ಕಂತಿನ ಅರ್ಧವೂ ಆಗುವುದಿಲ್ಲ, ನಿಮ್ಮ ಕೂಲಿಯನ್ನೇ ಕಂತಿಗೆ ಕಟ್ಟಬೇಕಾಗುತ್ತದೆ. ಎಂಟು ವರ್ಷದ ಎನ್‌ಪಿವಿ ಎಷ್ಟೇ ಚೆನ್ನಾಗಿರಲಿ, ಮೊದಲ ವರ್ಷ ದಾಟದೆ ಎಂಟನೆಯದು ಬರುವುದಿಲ್ಲ. ಸಾಲ ಕೇಳುವಾಗ ಶುರುವಿನ ಕೆಲವು ತಿಂಗಳು ಅಸಲಿಗೆ ವಿನಾಯಿತಿ ಕೇಳಿ. ನಾಚಿಕೆ ಬೇಡ, ಅದು ಕೊಡುವಂಥದ್ದೇ.

ಕೊಬ್ಬರಿಗೆ ಕ್ಯಾಶ್ ಕ್ರೆಡಿಟ್ (ಸಿಸಿ) ಸಿಗುತ್ತದೆ, ಅಂದರೆ ಒಂದು ಮಿತಿಯವರೆಗೆ ಬೇಕಾದಾಗ ತೆಗೆದು ಕಟ್ಟುವ ಸಾಲ. ಸಣ್ಣ ಉದ್ದಿಮೆ ಸಾಲಕ್ಕೆಂದು ರಿಸರ್ವ್ ಬ್ಯಾಂಕ್ ನೇಮಿಸಿದ್ದ ನಾಯಕ್ ಸಮಿತಿಯ ಸೂತ್ರದಲ್ಲಿ ಅಂದಾಜು ವಹಿವಾಟಿನ 20 ಪರ್ಸೆಂಟ್ ಬ್ಯಾಂಕು ಕೊಡುತ್ತದೆ, 5 ಪರ್ಸೆಂಟ್ ನಿಮ್ಮದು. ಆದರೆ ಸಿಸಿ ಇದೆ ಎಂದು ಆ ದುಡ್ಡನ್ನು ಲೆಕ್ಕದಿಂದ ಬಿಡಬೇಡಿ. ಅದಕ್ಕೂ ಬಡ್ಡಿ ಓಡುತ್ತದೆ. ಕೊಬ್ಬರಿ ರೇಟು ಬಿದ್ದ ದಿನ ನಿಮ್ಮ ದಾಸ್ತಾನಿನ ಬೆಲೆಯೂ ಬೀಳುತ್ತದೆ, ತೆಗೆಯಬಹುದಾದ ಮಿತಿಯೂ ಇಳಿಯುತ್ತದೆ.

ಪಿಎಂಎಫ್‌ಎಂಇ ಎಂಬ ಕೇಂದ್ರ ಸರ್ಕಾರದ ಯೋಜನೆಯ ಸಬ್ಸಿಡಿ ಬಗ್ಗೆ ಯಾರೂ ಹೇಳಲಿಲ್ಲ. ಸಣ್ಣ ಆಹಾರ ಘಟಕಗಳಿಗೆ ಯೋಜನಾ ವೆಚ್ಚದ 35 ಪರ್ಸೆಂಟ್, ಹೆಚ್ಚೆಂದರೆ 10 ಲಕ್ಷ. ತುಮಕೂರು ಜಿಲ್ಲೆಗೆ ಆ ಯೋಜನೆಯಲ್ಲಿ ತೆಂಗೇ ಆಯ್ಕೆಯಾಗಿರುವ ಬೆಳೆ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಎಂದು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಆದರೆ ಅದು ಕೈಗೆ ನಗದಾಗಿ ಬರುವುದಿಲ್ಲ, ಮೂರು ವರ್ಷ ಖಾತೆ ಸರಿಯಾಗಿ ನಡೆದ ಮೇಲೆ ಸಾಲಕ್ಕೆ ಹೊಂದಿಸುತ್ತಾರೆ. ನನ್ನ ಬಲವಾದ ಅಭಿಪ್ರಾಯ: ಸಬ್ಸಿಡಿ ಇಲ್ಲದೆ ನಿಲ್ಲುವ ಲೆಕ್ಕಕ್ಕೆ ಮಾತ್ರ ಕೈ ಹಾಕಿ. ಸಬ್ಸಿಡಿಗಾಗಿಯೇ ದೊಡ್ಡ ಯಂತ್ರ ಹಾಕಿ ಮುಳುಗಿದ ಮೂರು ಮನೆಗಳನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಹಳೇ_ಮಿಲ್:

ತಾಯಿ, ಹೆದರಿಸಿಬಿಟ್ಟೆನೇನೋ. ನಿಮಗೆ ಕಸುಬು ಗೊತ್ತು, ಗಿರಾಕಿ ಇದ್ದಾರೆ. ಬಿಡಿ ಎನ್ನಲು ನನಗೆ ಮನಸ್ಸಿಲ್ಲ.

ಸಣ್ಣ ಯಂತ್ರ ನೋಡಿ. ದಿನಕ್ಕೆ 7 ಕ್ವಿಂಟಲ್‌ನದ್ದು ಈಗಿರುವ ಶೆಡ್ಡಿನಲ್ಲೇ ಕೂರುತ್ತದೆ. ಅರ್ಧಕ್ಕಿಂತ ಹೆಚ್ಚು ಕೂಲಿಗೆ ಆಡಿಸಿ. ರೈತರು ತಮ್ಮ ಕೊಬ್ಬರಿ ತರುತ್ತಾರೆ, ಎಣ್ಣೆ ಹಿಂಡಿ ಎರಡೂ ಒಯ್ಯುತ್ತಾರೆ, ನಿಮಗೆ ಕೆಜಿಗೆ ಇಷ್ಟು ಎಂದು ಕೊಡುತ್ತಾರೆ. ಲಾಭ ಸ್ವಲ್ಪ ಕಡಿಮೆ. ಆದರೆ ಕೊಬ್ಬರಿ ರೇಟು 12 ಆದರೂ 25 ಆದರೂ ನಿಮ್ಮ ದುಡ್ಡು ಅದರಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಎರಡು ವರ್ಷ ನೋಡಿ. ಗಿರಾಕಿ ನಿಂತರು, ಕೈಯಲ್ಲಿ ದುಡ್ಡು ಉಳಿಯಿತು ಅಂದರೆ ಆಗ ದೊಡ್ಡದು ಹಾಕಿ. ನಮ್ಮಪ್ಪ ಹಳೆಯ ಜೊತೆಯಲ್ಲೇ ಕೂಲಿಗೆ ಆಡಿಸಿಕೊಂಡಿದ್ದರೆ ಆ ಮಿಲ್ಲು ಇನ್ನೂ ಹತ್ತು ವರ್ಷ ನಡೆಯುತ್ತಿತ್ತು ಎಂದು ನಾನು ಇವತ್ತಿಗೂ ನಂಬಿದ್ದೇನೆ.

ಕಲ್ಪತರು_ಗಾಣ:

ಒಂದು ವಾರ ತಡವಾಯಿತು, ಕ್ಷಮಿಸಿ. ತಮ್ಮನನ್ನು ಕೂರಿಸಿಕೊಂಡು ನಾನೇ ಲೆಕ್ಕ ಹಾಕಿದೆ. ಲೆಕ್ಕದ ಪುಸ್ತಕ ಸರ್, ತಪ್ಪಿದ್ದರೆ ತಿದ್ದಿ.

ಸಣ್ಣ ಯಂತ್ರ ಎಲ್ಲ ಸೇರಿ 7 ಲಕ್ಷ. ಕೂಲಿಗೆ ವರ್ಷಕ್ಕೆ 800 ಕ್ವಿಂಟಲ್, ಕೆಜಿಗೆ 7 ರೂಪಾಯಿ, ಕರೆಂಟು ಕಳೆದು ಕ್ವಿಂಟಲ್‌ಗೆ 580. ನಮ್ಮ ಸ್ವಂತದ್ದು 600 ಕ್ವಿಂಟಲ್, 700ರ ಲೆಕ್ಕ. ಒಬ್ಬ ಆಳು ಸಾಕು. ನನ್ನ ಕೂಲಿ 2.4 ಲಕ್ಷ ಸೇರಿ ವರ್ಷದ ಖರ್ಚು 5 ಲಕ್ಷ. ಉಳಿಯುವುದು 3.8 ಲಕ್ಷ. ಮೊದಲ ವರ್ಷ 1.5, ಎರಡನೆಯದು 2.8 ಎಂದು ಕಡಿಮೆಯೇ ಹಿಡಿದೆ. ಸ್ವಂತ ಕೊಬ್ಬರಿಗೆ 6 ಲಕ್ಷ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಯಂತ್ರ 1 ಲಕ್ಷಕ್ಕೆ ಹೋಗುತ್ತದೆ.

ಎನ್‌ಪಿವಿ 5 ಲಕ್ಷ ಬಂತು. ಕೊಬ್ಬರಿ 25 ಸಾವಿರ ಆದರೂ ಸುಮಾರು 1 ಲಕ್ಷ ಪ್ಲಸ್‌ನಲ್ಲೇ ಉಳಿಯಿತು. ಸಬ್ಸಿಡಿ ಸೇರಿಸಿಲ್ಲ. ಸಿಕ್ಕರೆ 7 ಲಕ್ಷಕ್ಕೆ 2.45 ಲಕ್ಷ, ಮೂರು ವರ್ಷ ಬಿಟ್ಟು ಬರುವುದರಿಂದ ಇವತ್ತಿನ ಬೆಲೆಗೆ 1.7.

ಆದರೆ ಇನ್ನೊಂದು ಹಾಕಿ ನೋಡಿದೆ. ಮೂರನೇ ವರ್ಷದಿಂದ ಒಟ್ಟು 1,400 ಕ್ವಿಂಟಲ್ ಬದಲು 1,100 ಮಾತ್ರ ಬಂದರೆ ಎಂದು. ಉಳಿಕೆ 1.9ಕ್ಕೆ ಇಳಿದು ಎನ್‌ಪಿವಿ 90 ಸಾವಿರ ಮೈನಸ್ ಆಯಿತು, ಅದೂ ಕೊಬ್ಬರಿ 12 ಸಾವಿರ ಇದ್ದಾಗ. ಅಂದರೆ ಎಲ್ಲ ನಿಂತಿರುವುದು ಕೂಲಿಗೆ ಬರುವ ಕೊಬ್ಬರಿಯ ಮೇಲೆ.

ಅದಕ್ಕೆ ಯಂತ್ರದವರಿಗೆ ಮೂರು ತಿಂಗಳು ಬಿಟ್ಟು ಹೇಳುತ್ತೇನೆ ಎಂದಿದ್ದೇನೆ. ಗಾಣದ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದೇನೆ. ಕೂಲಿಗೆ ಆಡಿಸುವವರು ಹೆಸರು, ಊರು, ವರ್ಷಕ್ಕೆ ಎಷ್ಟು ಕ್ವಿಂಟಲ್ ಎಂದು ಬರೆಸಬೇಕು. ಇವತ್ತಿಗೆ 23 ಮನೆ, 310 ಕ್ವಿಂಟಲ್ ಆಗಿದೆ. ಶನಿವಾರ ಪಕ್ಕದ ಊರಿನ ಸಂತೆಗೂ ಪುಸ್ತಕ ಹಿಡಿದುಕೊಂಡು ಹೋಗುತ್ತೇನೆ. ಹಳೇ ಮಿಲ್ ಅಣ್ಣ, ಬಾಯಲ್ಲಿ ಹೇಳಿದವರಲ್ಲಿ ನಿಜವಾಗಿ ಎಷ್ಟು ಜನ ತರುತ್ತಾರೆ ಎಂದು ಹಿಡಿಯಬೇಕು? ಅರ್ಧ ಹಿಡಿಯಲಾ?

ಹಳೇ_ಮಿಲ್:

ಅರ್ಧ ಹಿಡಿಯಿರಿ ತಾಯಿ. ಬರೆಸುವಾಗ ಈಗ ಎಲ್ಲಿ ಆಡಿಸುತ್ತಿದ್ದಾರೆ, ಎಷ್ಟು ದೂರ, ಎಷ್ಟು ಕೊಡುತ್ತಾರೆ ಎಂದೂ ಕೇಳಿ ಬರೆದುಕೊಳ್ಳಿ. ಮೂರು ತಿಂಗಳಾದ ಮೇಲೆ ಆ ಪುಸ್ತಕದ ಮೊತ್ತ ಇಲ್ಲಿ ಹಾಕಿ, ನಾನು ಕಾಯುತ್ತಿರುತ್ತೇನೆ.